ಕುಂಬಾರನಿಗೆ ವರುಷ

ಕಾರ್ನ್‌ವಾಲ್‌ನಲ್ಲಿ ಮಣ್ಣಿಗೆ ಎಂದೂ ಬರವಿರಲಿಲ್ಲ. ಬರ ಇದ್ದದ್ದು ಉರುವಲಿಗೆ. ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡಿರುವ ಈ ಸೀಮೆಯಲ್ಲಿ ಹದಿನೆಂಟನೆಯ ಶತಮಾನದ ನಡುವೆ ಪ್ಲಿಮತ್ ಊರಿನ ಔಷಧಿ ವ್ಯಾಪಾರಿ ವಿಲಿಯಂ ಕುಕ್‌ವರ್ದಿ ಬಿಳಿ ಜೇಡಿಮಣ್ಣನ್ನು ಗುರುತಿಸಿದರು. ಚೀನಾದವರು ಪಿಂಗಾಣಿಗೆ ಬಳಸುತ್ತಿದ್ದಂಥದ್ದೇ ಮಣ್ಣು ಅದು. 1768ರಲ್ಲಿ ಅವರು ಪಿಂಗಾಣಿ ತಯಾರಿಕೆಗೆ ಪೇಟೆಂಟ್ ಕೂಡ ಪಡೆದರು. ಆದರೆ ಸುಡುವುದಕ್ಕೆ ಬೇಕಾದ ಕಲ್ಲಿದ್ದಲು ಇದ್ದದ್ದು ದೂರದ ಸ್ಟ್ಯಾಫರ್ಡ್‌ಶೈರ್‌ನಲ್ಲಿ. ಅಲ್ಲಿಂದ ಕಲ್ಲಿದ್ದಲನ್ನು ಹೊತ್ತು ತರುವುದಕ್ಕಿಂತ ಮಣ್ಣನ್ನೇ ಅಲ್ಲಿಗೆ ಸಾಗಿಸುವುದು ಅಗ್ಗವಾಯಿತು. ಕಾರ್ನ್‌ವಾಲ್‌ನ ಬಿಳಿಮಣ್ಣು ಹಡಗು ಹತ್ತಿ ಸ್ಟೋಕ್-ಆನ್-ಟ್ರೆಂಟ್‌ನ ಕಾರ್ಖಾನೆಗಳಿಗೆ ಹೋಗಿ ಬಟ್ಟಲು, ಬಸಿಯಾಗಿ ಲೋಕವನ್ನೆಲ್ಲ ಸುತ್ತಿತು. ತವರಿನಲ್ಲಿ ಮಾತ್ರ ದೊಡ್ಡ ಕುಂಬಾರಿಕೆ ಬೇರೂರಲಿಲ್ಲ.

ಇಂಥ ಸೀಮೆಯ ಸೇಂಟ್ ಐವ್ಸ್ ಎಂಬ ಸಣ್ಣ ಬಂದರಿಗೆ 1920ರಲ್ಲಿ ಒಂದು ಸಂಸಾರ ಬಂದಿಳಿಯಿತು. ಮನೆಯ ಯಜಮಾನ ಬರ್ನಾರ್ಡ್ ಲೀಚ್ ಅವರಿಗೆ ಆಗ 33 ವರ್ಷ. ಜೊತೆಗೆ ಹೆಂಡತಿ ಮ್ಯೂರಿಯಲ್, ಐದು ಮಕ್ಕಳು. ಅವರೊಂದಿಗೆ ಶೋಜಿ ಹಮಾದ ಎಂಬ 25ರ ಜಪಾನಿ ಯುವಕ. ಊರು ಆಗ ಒಳ್ಳೆಯ ಸ್ಥಿತಿಯಲ್ಲಿರಲಿಲ್ಲ. ಪಿಲ್ಚರ್ಡ್ ಎಂಬ ಮೀನಿನ ವ್ಯಾಪಾರ ಇಳಿಮುಖವಾಗಿತ್ತು. ತವರದ ಗಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಹಿಂದಿನ ವರ್ಷದ ಅಕ್ಟೋಬರ್‌ನಲ್ಲಷ್ಟೇ ಅದೇ ಸೀಮೆಯ ಲೆವಂಟ್ ಗಣಿಯಲ್ಲಿ ಕೆಲಸಗಾರರನ್ನು ಏರಿಸಿ ಇಳಿಸುವ ಯಂತ್ರ ಮುರಿದು 31 ಮಂದಿ ಸತ್ತಿದ್ದರು. 1877ರಲ್ಲಿ ರೈಲು ಬಂದ ಮೇಲೆ ಕಡಲಿನ ಬೆಳಕಿಗೆ ಮನಸೋತು ಬಂದ ಚಿತ್ರಕಾರರು ಮಾತ್ರ ಮೀನುಗಾರರ ಹಳೆಯ ಉಗ್ರಾಣಗಳನ್ನು ಬಾಡಿಗೆಗೆ ಹಿಡಿದು ನೆಲೆಸಿದ್ದರು.

ಲೀಚ್ ಕುಂಬಾರರ ಮನೆಯಲ್ಲಿ ಹುಟ್ಟಿದವರಲ್ಲ. ಹಾಂಗ್‌ಕಾಂಗ್‌ನಲ್ಲಿ 1887ರಲ್ಲಿ ಹುಟ್ಟಿದಾಗಲೇ ತಾಯಿಯನ್ನು ಕಳೆದುಕೊಂಡು, ಎಳೆಯ ವಯಸ್ಸಿನ ಕೆಲವು ವರ್ಷ ಜಪಾನಿನಲ್ಲಿದ್ದ ಅಜ್ಜ-ಅಜ್ಜಿಯರ ಮಡಿಲಲ್ಲಿ ಬೆಳೆದವರು. ಲಂಡನ್‌ನಲ್ಲಿ ಚಿತ್ರಕಲೆ ಕಲಿತು, ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ತೆಗೆಯುವ ಎಚಿಂಗ್ ಕಲೆಯನ್ನು ಕಲಿಸಲೆಂದು 1909ರಲ್ಲಿ ಮತ್ತೆ ಜಪಾನಿಗೆ ಹೋದರು. ಮಣ್ಣು ಅವರ ಕೈಗೆ ಸಿಕ್ಕಿದ್ದು 1911ರಲ್ಲಿ, ಟೋಕಿಯೊದ ಒಂದು ಸ್ನೇಹಕೂಟದಲ್ಲಿ. ಬಂದವರಿಗೆಲ್ಲ ಒಂದು ಸಲ ಸುಟ್ಟ ಬೋಳು ತಟ್ಟೆ, ಕುಂಚ, ಬಣ್ಣ ಕೊಟ್ಟರು. ಅವರವರು ಬರೆದದ್ದನ್ನು ಮೆರುಗಿನ ದ್ರಾವಣದಲ್ಲಿ ಅದ್ದಿ ತೋಟದಲ್ಲಿದ್ದ ಪುಟ್ಟ ಆವಿಗೆಗೆ ಇಟ್ಟರು. ಸ್ವಲ್ಪ ಹೊತ್ತಿನಲ್ಲೇ ಕೆಂಡದಂತೆ ಹೊಳೆಯುವ ತಟ್ಟೆಗಳನ್ನು ಇಕ್ಕಳದಿಂದ ಹೊರತೆಗೆದರು. ಲೀಚ್ ಬರೆದಿದ್ದು ಒಂದು ಗಿಳಿ. ಆ ಗಿಳಿ ಬೆಂಕಿಯಿಂದ ಸೀಳದೆ ಹೊರಬಂದದ್ದೇ ತಡ, ಅವರು ಗುರುವನ್ನು ಹುಡುಕಿಕೊಂಡು ಹೊರಟರು. ಕೆನ್‌ಜಾನ್ ಪರಂಪರೆಯ ಆರನೆಯ ಉತ್ತರಾಧಿಕಾರಿ ಉರಾನೊ ಶಿಗೆಕಿಚಿ ಶಿಷ್ಯನನ್ನಾಗಿ ಒಪ್ಪಿಕೊಂಡರು. ಬೇರೊಂದು ದೇಶದ ಕುಲಕಸುಬನ್ನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸದಿಂದ ಕಲಿಯಲು ಕೂತವರ ಧೈರ್ಯ ಸಣ್ಣದಲ್ಲ.

ಸೇಂಟ್ ಐವ್ಸ್‌ಗೆ ಬರಲು ಕಾರಣ ಫ್ರಾನ್ಸಿಸ್ ಹಾರ್ನ್ ಎಂಬ ಉಳ್ಳವರ ಮನೆಯ ಮಹಿಳೆ. ಊರಿನಲ್ಲಿ ಕೈಕಸುಬುಗಳಿಗೊಂದು ಸಂಘ ಕಟ್ಟಿದ್ದ ಅವರಿಗೆ ನೇಕಾರರು, ಕಸೂತಿಯವರು ಸಿಕ್ಕಿದ್ದರು, ಕುಂಬಾರ ಬೇಕಾಗಿತ್ತು. ಅವರು ಬಂಡವಾಳವಾಗಿ 2,500 ಪೌಂಡ್, ಮೂರು ವರ್ಷದ ಮಟ್ಟಿಗೆ ವರ್ಷಕ್ಕೆ 250 ಪೌಂಡ್ ಒದಗಿಸಲು ಒಪ್ಪಿದರು. ಊರಿನ ಮೇಲ್ಭಾಗದಲ್ಲಿ, ಸ್ಟೆನ್ನಾಕ್ ಹಳ್ಳದ ಪಕ್ಕದ ಒಂದು ಪಟ್ಟಿ ಜಮೀನು ಸಿಕ್ಕಿತು. ಸ್ಟೆನ್ನಾಕ್ ಎಂದರೆ ಹಳೆಯ ಕಾರ್ನಿಶ್ ಭಾಷೆಯಲ್ಲಿ ತವರ ಸಿಗುವ ಜಾಗ. ಗಣಿಯವರು ಬಿಟ್ಟುಹೋದ ನೆಲದಲ್ಲಿ ಗ್ರಾನೈಟ್ ಕಲ್ಲಿನ ಗೋಡೆ ಎದ್ದಿತು. ಲೆಕ್ಕಪತ್ರಕ್ಕೆ ಎಡ್ಗರ್ ಸ್ಕಿನ್ನರ್ ಎಂಬ ಹಿರಿಯರು ನಿಂತರು. ಕಟ್ಟುವುದಕ್ಕೆ, ಮಣ್ಣು ಹದಮಾಡುವುದಕ್ಕೆ, ಸೌದೆ ಸೀಳುವುದಕ್ಕೆ ಅದೇ ಊರಿನ ಜಾರ್ಜ್ ಡನ್ ಬಂದರು. ಡನ್ ಮುಂದೆ ದಶಕಗಳ ಕಾಲ ಅಲ್ಲೇ ಉಳಿದರು. ಲೀಚ್ ಕುಂಬಾರಿಕೆಯ ಇತಿಹಾಸ ಬರೆಯುವವರು ಹಮಾದ ಅವರಿಗೆ ಒಂದು ಅಧ್ಯಾಯವನ್ನೇ ಕೊಡುತ್ತಾರೆ. ಡನ್‌ಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಆದರೆ ಬೆಳಗ್ಗೆ ಎಲ್ಲರಿಗಿಂತ ಮೊದಲು ಮಣ್ಣಿಗೆ ಕೈಹಾಕುವ ಮನುಷ್ಯನಿಲ್ಲದೆ ಯಾವ ತಿಗರಿಯೂ ತಿರುಗುವುದಿಲ್ಲ.

ಮೊದಲ ಕೆಲಸ ಆವಿಗೆ. ನಮ್ಮ ಹಳ್ಳಿಯ ಕುಂಬಾರರು ಹುಲ್ಲು, ಬೆರಣಿ, ಒಣಮಟ್ಟೆ ಹೊದಿಸಿ ಸುಡುವ ಆವಿಗೆಗೆ ಏಳೆಂಟುನೂರು ಡಿಗ್ರಿ ಬಿಸಿ ಸಾಕು. ಅದರಲ್ಲಿ ಬೆಂದ ಮಡಕೆ ನೀರನ್ನು ನವಿರಾಗಿ ಒಸರುತ್ತದೆ; ಬೇಸಿಗೆಯಲ್ಲಿ ನೀರು ತಂಪಾಗಿರುವುದು ಅದಕ್ಕೇ. ಅಜ್ಜಿಯರು ಮಾವಿನ ಮಿಡಿ ಹಾಕಿಡುತ್ತಿದ್ದ ಕಂದು-ಬಿಳಿ ಜಾಡಿಯ ಜಾತಿಯೇ ಬೇರೆ. ಅದಕ್ಕೆ 1,200 ಡಿಗ್ರಿ ಮೀರಿದ ಉರಿ ಬೇಕು. ಆಗ ಮಣ್ಣು ಕಲ್ಲಿನಂತೆ ಕೂಡಿಕೊಂಡು, ಉಪ್ಪಾಗಲಿ ಹುಳಿಯಾಗಲಿ ಒಳಗಿಳಿಯದಂತಾಗುತ್ತದೆ. ಸ್ಟೋನ್‌ವೇರ್ ಎಂದು ಇಂಗ್ಲಿಷಿನವರು ಕರೆಯುವುದು ಇದನ್ನೇ. ಲೀಚ್ ಮತ್ತು ಹಮಾದ ಮನಸ್ಸಿಟ್ಟದ್ದು ಈ ಕಲ್ಲುಪಾತ್ರೆಗಳ ಮೇಲೆ. ಜಪಾನಿನಲ್ಲಿ ಇದಕ್ಕೆ ಏರು ಆವಿಗೆ ಕಟ್ಟುತ್ತಾರೆ. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೋಣೆಗಳು. ಕೆಳಗಿನ ಒಲೆಬಾಯಿಯ ಉರಿ ಮೊದಲ ಕೋಣೆಯನ್ನು ಬೇಯಿಸಿ, ಅಲ್ಲಿಂದ ಎರಡನೆಯದನ್ನು, ಆಮೇಲೆ ಮೂರನೆಯದನ್ನು ಕಾಯಿಸುತ್ತ ಮೇಲಿನ ಹೊಗೆಗೂಡಿನಿಂದ ಹೊರಬೀಳುತ್ತದೆ. ಮೊದಲ ಕೋಣೆ ಬೆಂದಿತು ಅನ್ನುವಾಗ ಎರಡನೆಯದು ಅರ್ಧ ಕಾದಿರುತ್ತದೆ. ಅದರ ಪಕ್ಕದ ಕಿಂಡಿಯಿಂದ ಸೌದೆ ತುರುಕಿದರೆ ಸಾಕು. ಬಿಸಿಯನ್ನು ಆದಷ್ಟೂ ಹಾಳುಮಾಡದ ಇಂಥ ಏರು ಆವಿಗೆ ಪಶ್ಚಿಮದ ದೇಶಗಳಲ್ಲಿ ಆಗ ಎಲ್ಲೂ ಇರಲಿಲ್ಲ.

ಇಬ್ಬರೂ ಸೇರಿ ಕಟ್ಟಿದ ಮೊದಲ ಆವಿಗೆ ಬಾಳಿಕೆ ಬರಲಿಲ್ಲ. ಹಮಾದ ಟೋಕಿಯೊದ ತಾಂತ್ರಿಕ ವಿದ್ಯಾಲಯದಲ್ಲಿ ಓದಿ, ಕ್ಯೋಟೊದ ಪ್ರಯೋಗಾಲಯದಲ್ಲಿ ಸಾವಿರಾರು ಬಗೆಯ ಮೆರುಗುಗಳನ್ನು ಪರೀಕ್ಷಿಸಿದ್ದವರು. ಆದರೂ ಆವಿಗೆ ಕಟ್ಟುವುದು ಬೇರೆಯದೇ ವಿದ್ಯೆ. ಗೊತ್ತಿಲ್ಲದ ಇಟ್ಟಿಗೆ, ಒದ್ದೆ ಹವೆ, ಮರವೇ ಕಾಣದ ಬೋಳು ಗುಡ್ಡ, ಕಡಲ ಗಾಳಿ. ಸುತ್ತಮುತ್ತಲ ಮಣ್ಣನ್ನು ಹುಡುಕಿ ಹದನೋಡಿ ಬೆರೆಸುವುದರಲ್ಲೇ ತಿಂಗಳುಗಳು ಕಳೆದವು. ಇಷ್ಟರ ಮೇಲೂ ಒಂದು ಸಲದ ಉರಿಯಲ್ಲಿ ಮಾರಲು ಯೋಗ್ಯವಾದವು ಎಷ್ಟು ಬಂದಾವು ಎಂಬುದಕ್ಕೆ ಖಾತ್ರಿ ಇರಲಿಲ್ಲ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯಲ್ಲಿ ದೊಣ್ಣೆಯದು ಮಾತ್ರ ಕೇಡು ಎಂದುಕೊಳ್ಳುತ್ತೇವೆ. ಕುಂಬಾರನಿಗೆ ತನ್ನ ಬೆಂಕಿಯೇ ದೊಣ್ಣೆಯಾಗುವುದೂ ಉಂಟು.

1922ರಲ್ಲಿ ಕ್ಯೋಟೊ ಕಡೆಯಿಂದ ತ್ಸುರುನೊಸುಕೆ ಮತ್ಸುಬಯಾಶಿ ಬಂದರು. ಉಜಿ ಊರಿನಲ್ಲಿ ತಲೆತಲಾಂತರದಿಂದ ಕುಂಬಾರಿಕೆ ಮಾಡುತ್ತಿದ್ದ ಮನೆಯವರು, ಜೊತೆಗೆ ಆವಿಗೆಯ ಎಂಜಿನಿಯರಿಂಗ್ ಓದಿದವರು. ಹಳೆಯದನ್ನು ತೆಗೆಸಿ ಅವರು ಮೂರು ಕೋಣೆಯ ಹೊಸ ಏರು ಆವಿಗೆಯನ್ನು ಕಟ್ಟಿದರು. 1923ರಲ್ಲಿ ಮುಗಿದ ಆ ಆವಿಗೆ ಅರ್ಧ ಶತಮಾನ ಉರಿಯಿತು. ಸಂಜೆ ಹೊತ್ತು ಅವರು ಶಿಷ್ಯರಿಗೆ ಮಣ್ಣಿನ ರಸಾಯನ, ಆವಿಗೆಯ ಲೆಕ್ಕ ಪಾಠ ಹೇಳುತ್ತಿದ್ದರು. ಕ್ಯಾಥರಿನ್ ಪ್ಲೇಡೆಲ್-ಬೂವರಿ ಎಂಬ ಶಿಷ್ಯೆ ಬರೆದುಕೊಂಡ ಟಿಪ್ಪಣಿಗಳು ಉಳಿದುಬಂದಿವೆ. ಎರಡೇ ವರ್ಷ ಇದ್ದು 1924ರಲ್ಲಿ ಮರಳಿದ ಈ ಮನುಷ್ಯನ ಕೈಕೆಲಸದ ಮೇಲೆ ಇಡೀ ಸಂಸ್ಥೆ ನಿಂತಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಅದೇ 1923 ಹಮಾದ ಅವರ ಬದುಕನ್ನೂ ತಿರುಗಿಸಿತು. ಲಂಡನ್‌ನ ಪ್ಯಾಟರ್‌ಸನ್ ಗ್ಯಾಲರಿಯಲ್ಲಿ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಸೆಪ್ಟೆಂಬರ್ 1ರಂದು ಜಪಾನಿನಲ್ಲಿ ಭೂಮಿ ನಡುಗಿ ಟೋಕಿಯೊ, ಯೊಕೊಹಾಮಾ ನಗರಗಳು ಬೂದಿಯಾದ ಸುದ್ದಿ ಬಂತು. ವರ್ಷ ಮುಗಿಯುವಷ್ಟರಲ್ಲಿ ಹಮಾದ ಹಡಗು ಹತ್ತಿದರು. ಸೇಂಟ್ ಐವ್ಸ್‌ನಂಥ ಸಣ್ಣ ಊರಿನಲ್ಲೂ ಒಳ್ಳೆಯ ಕೆಲಸ ಮಾಡಿ ಬದುಕಬಹುದು ಎಂಬುದನ್ನು ಕಂಡಿದ್ದ ಅವರು ತಮ್ಮ ದೇಶದಲ್ಲೂ ದೊಡ್ಡ ನಗರ ಬಿಟ್ಟು, ನೀರಿನ ಕೊಡ, ಉಪ್ಪಿನಕಾಯಿ ಜಾಡಿ ಮಾಡುತ್ತಿದ್ದ ಮಾಶಿಕೊ ಎಂಬ ಕುಂಬಾರರ ಹಳ್ಳಿಯಲ್ಲಿ ನೆಲೆನಿಂತರು. ಸೇಂಟ್ ಐವ್ಸ್‌ನಲ್ಲಿ ಅವರು ಬಿಟ್ಟುಹೋದ ಜಾಗಕ್ಕೆ ಮೈಕೇಲ್ ಕಾರ್ಡ್ಯೂ ಎಂಬ ಆಕ್ಸ್‌ಫರ್ಡ್‌ನಲ್ಲಿ ಓದಿದ ಹುಡುಗ ಆಗಲೇ ಬಂದಿದ್ದ. ಆಮೇಲೆ ಪ್ಲೇಡೆಲ್-ಬೂವರಿ, ನೋರಾ ಬ್ರೇಡನ್. ಲೀಚ್ ಅವರ ಮೊದಲ ತಲೆಮಾರಿನ ಶಿಷ್ಯರೆಲ್ಲ ಹೀಗೆ ಓದಿದವರು, ಅನುಕೂಲಸ್ಥರು, ಒಂದೆರಡು ವರ್ಷ ಕಲಿತು ತಮ್ಮದೇ ತಿಗರಿ ಹೂಡಲು ಹೊರಟುಹೋಗುವವರು.

ಹಣ ಮಾತ್ರ ಕೂಡಿಬರಲಿಲ್ಲ. ಲೀಚ್ ಎರಡು ಬಗೆಯ ಪಾತ್ರೆ ಮಾಡುತ್ತಿದ್ದರು. ಒಂದು, ಲಂಡನ್ ಮತ್ತು ಜಪಾನಿನ ಪ್ರದರ್ಶನಗಳಿಗೆ ಕಳಿಸುವ ದುಬಾರಿ ಸ್ಟೋನ್‌ವೇರ್. ಇನ್ನೊಂದು, ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಿಂದೆ ಇದ್ದು ಮರೆಯಾಗುತ್ತಿದ್ದ ಮಾದರಿ: ಕೆಮ್ಮಣ್ಣಿನ ತಟ್ಟೆಯ ಮೇಲೆ ಬಿಳಿಮಣ್ಣಿನ ತಿಳಿಯನ್ನು ಎರೆದು, ಬಾಚಣಿಗೆಯಂತೆ ಗೀರೆಳೆದು, ಸೀಸದ ಮೆರುಗು ಕೊಟ್ಟು ಕಡಿಮೆ ಉರಿಯಲ್ಲಿ ಸುಟ್ಟದ್ದು. ಜೇನಿನ ಬಣ್ಣದ ಆ ತಟ್ಟೆಗಳು ನೋಡಲು ಬಲು ಚೆಂದ. ಆದರೆ ಅಂಚು ಬೇಗ ಮುಕ್ಕಾಗುತ್ತಿತ್ತು, ಹೊಸ ಕಾಲದ ಗೃಹಿಣಿಗೆ ಅದು ಒಗ್ಗಲಿಲ್ಲ. ಬೇಸಿಗೆಯ ಗುರುವಾರಗಳಂದು ಪ್ರವಾಸಿಗರನ್ನು ಕರೆದು ಅವರ ಕೈಯಲ್ಲೇ ಬಟ್ಟಲಿಗೆ ಬಣ್ಣ ಬರೆಸಿ, ಟೋಕಿಯೊ ಕೂಟದಲ್ಲಿ ಮಾಡಿದ ಹಾಗೆ ಕಣ್ಣೆದುರೇ ಸುಟ್ಟುಕೊಟ್ಟರು. ಒಲೆಗೂಡಿನ ಸುತ್ತ ಹಚ್ಚುವ ಚಿತ್ರದ ಟೈಲುಗಳನ್ನು ಮಾಡಿದರು. ಎಲ್ಲವೂ ಊರುಗೋಲುಗಳೇ. ಜನಸಾಮಾನ್ಯರ ಊಟದ ಮೇಜಿಗೆ ಕೈಯಿಂದ ಮಾಡಿದ ಒಳ್ಳೆಯ ಪಾತ್ರೆ ಬರಬೇಕೆಂದು ಬರೆಯುತ್ತಿದ್ದ, ಮಾತಾಡುತ್ತಿದ್ದ ಕುಂಬಾರನ ಪಾತ್ರೆಗಳು ಹದಿನೈದು ವರ್ಷವಾದರೂ ಆ ಮೇಜನ್ನು ಮುಟ್ಟಿರಲಿಲ್ಲ.

ಈ ಕಷ್ಟದ ವರ್ಷಗಳಲ್ಲಿ ಆಸರೆಯಾದವರಿಗೆ ಭಾರತದ ನಂಟಿತ್ತು. ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಎಂಬ ಕೃಷಿ ಪದವೀಧರ 1921ರಲ್ಲಿ ಶಾಂತಿನಿಕೇತನಕ್ಕೆ ಬಂದು, ರವೀಂದ್ರನಾಥ ಟ್ಯಾಗೋರರ ಮಾತಿನಂತೆ ಪಕ್ಕದ ಸುರುಲ್‌ನಲ್ಲಿ ಗ್ರಾಮ ಪುನರುಜ್ಜೀವನದ ಕೇಂದ್ರ ಕಟ್ಟಿದವರು. ಮುಂದೆ ಶ್ರೀನಿಕೇತನವಾದದ್ದು ಅದೇ. ಅಲ್ಲಿ ಕಂಡದ್ದನ್ನು ಎದೆಯಲ್ಲಿಟ್ಟುಕೊಂಡು ಅವರು ಹೆಂಡತಿ ಡೊರೊತಿಯ ಜೊತೆ 1925ರಲ್ಲಿ ಡೆವನ್ ಸೀಮೆಯ ಡಾರ್ಟಿಂಗ್ಟನ್ ಎಂಬ ಪಾಳುಬಿದ್ದ ಎಸ್ಟೇಟನ್ನು ಕೊಂಡು ಬೇಸಾಯ, ಶಾಲೆ, ಕಸುಬು, ಕಲೆಗಳನ್ನು ಒಂದೇ ಅಂಗಳದಲ್ಲಿ ಬೆಳೆಸಿದರು. ಲೀಚ್ ಅವರನ್ನು ಕರೆಸಿಕೊಂಡು ಅಲ್ಲಿ ಪಾಠ ಹೇಳಿಸಿದರು, 1934ರಲ್ಲಿ ಜಪಾನಿಗೆ ಹೋಗಿಬರಲು ಹಣ ಕೊಟ್ಟರು. ಇನ್ನೊಂದು ನಂಟು ಅದಕ್ಕೂ ಹಿಂದಿನದು. ದೆಹಲಿಯ ಇಟ್ಟಿಗೆ ಗೂಡುಗಳಲ್ಲಿ ದುಡಿದು 1919ರಲ್ಲಿ ಜಪಾನಿಗೆ ಕುಂಬಾರಿಕೆ ಕಲಿಯಲು ಹೋದ ಸರ್ದಾರ್ ಗುರುಚರಣ್ ಸಿಂಗ್, ಅಲ್ಲಿ ಲೀಚ್, ಹಮಾದ ಮತ್ತವರ ಗೆಳೆಯರ ಒಡನಾಟ ಕಂಡವರು. ಭಾರತದಲ್ಲಿ ಸ್ಟುಡಿಯೊ ಕುಂಬಾರಿಕೆಯ ಮೊದಲಿಗರೆಂದು ನೆನೆಯುವುದು ಅವರನ್ನೇ. ಒಂದೇ ಬೆಂಕಿಯಿಂದ ಹೊತ್ತಿಸಿಕೊಂಡ ಎರಡು ಒಲೆಗಳು ಇವು. ಒಂದು ಸೇಂಟ್ ಐವ್ಸ್‌ನಲ್ಲಿ ಉರಿಯಿತು, ಇನ್ನೊಂದು ದೆಹಲಿಯಲ್ಲಿ.

ಲೀಚ್ ಅವರ ಹಿರಿಯ ಮಗ ಡೇವಿಡ್ ಹುಟ್ಟಿದ್ದು ಟೋಕಿಯೊದಲ್ಲಿ, ಅಪ್ಪ ಆ ಗಿಳಿಯ ತಟ್ಟೆ ಬರೆದ 1911ರಲ್ಲೇ. 1930ರಲ್ಲಿ ಅವರು ಅಪ್ಪನ ಕೈಕೆಳಗೆ ಕೆಲಸಕ್ಕೆ ನಿಂತರು. ಆಗ ಅವರಿಗೆ ಕಂಡದ್ದು ಬಿರುಕು ಬಿಡುವ ಮಣ್ಣು, ಒಮ್ಮೆ ಬಂದ ಬಣ್ಣ ಮತ್ತೊಮ್ಮೆ ಬಾರದ ಮೆರುಗು, ಆವಿಗೆ ತೆರೆದಾಗಲೆಲ್ಲ ಎದೆ ಒಡೆಯುವ ನಷ್ಟ. ಅಪ್ಪ ಇದನ್ನು ಬೆಂಕಿಯ ಇಚ್ಛೆ ಎನ್ನುತ್ತಿದ್ದ ಕಡೆ ಮಗನಿಗೆ ತಿಳಿವಳಿಕೆಯ ಕೊರತೆ ಕಾಣಿಸಿತು. ತಿಳಿದುಕೊಳ್ಳಲು ಅವರು ಆರಿಸಿಕೊಂಡ ಊರು ಯಾವುದು? ಸ್ಟೋಕ್-ಆನ್-ಟ್ರೆಂಟ್. ಕಾರ್ನ್‌ವಾಲ್‌ನ ಬಿಳಿಮಣ್ಣನ್ನು ನುಂಗುತ್ತಿದ್ದ, ಬಾಟಲಿಯಾಕಾರದ ಗೂಡುಗಳಿಂದ ಹಗಲನ್ನೇ ಕಪ್ಪಾಗಿಸುತ್ತಿದ್ದ ಕಾರ್ಖಾನೆಗಳ ಊರು. ಲೀಚ್ ತಮ್ಮ ಇಡೀ ಬದುಕನ್ನು ಯಾವುದರ ವಿರುದ್ಧ ಹೂಡಿದ್ದರೋ ಅದರ ರಾಜಧಾನಿ. ಅಲ್ಲಿನ ತಾಂತ್ರಿಕ ಕಾಲೇಜಿನಲ್ಲಿ ಮಗ ಕುಂಬಾರಿಕೆ ಮ್ಯಾನೇಜರುಗಳ ಕೋರ್ಸಿಗೆ ಸೇರಿದ್ದು ಅಪ್ಪನಿಗೆ ಹಿಡಿಸಲಿಲ್ಲ. ಒಂದೇ ಮನೆಯೊಳಗೆ ಎರಡು ಕಾಲಗಳು ಎದುರುಬದುರು ನಿಂತ ಗಳಿಗೆ ಅದು.

ಡೇವಿಡ್ ಕಲಿತು ಮುಗಿಸಿ 1937ರಲ್ಲಿ ಮರಳಿದರು. ಪುಸ್ತಕಗಳು ಲೀಚ್ ಕುಂಬಾರಿಕೆಯ ಹುಟ್ಟನ್ನು 1920 ಎನ್ನುತ್ತವೆ. ಊರಿಗೂ ಮನೆಮನೆಗೂ ಬೇಕಾದ ಕುಂಬಾರಿಕೆಯಾಗಿ ಅದು ಹುಟ್ಟಿದ್ದು 1937ರಲ್ಲಿ. ಆ ವರ್ಷ ಮತ್ತು ಅದರ ಮರುವರ್ಷ ಸ್ಟೆನ್ನಾಕ್‌ನ ಅಂಗಳದಲ್ಲಿ ನಡೆದ ಬದಲಾವಣೆಗಳನ್ನು ಒಂದೊಂದಾಗಿ ನೋಡಿದರೆ ಯಾವುದೂ ದೊಡ್ಡದೆನಿಸುವುದಿಲ್ಲ. ಆದರೆ ಒಂದು ಇನ್ನೊಂದನ್ನು ಎಳೆದುಕೊಂಡು ಬಂತು.

ಸೌದೆ ಹೋಗಿ ಎಣ್ಣೆ ಬಂತು. ಮತ್ಸುಬಯಾಶಿ ಕಟ್ಟಿದ ಆವಿಗೆಯನ್ನು ಕೆಡವಲಿಲ್ಲ. ಅದರ ಒಲೆಬಾಯಿಗೆ ಎಣ್ಣೆಯ ಬರ್ನರುಗಳನ್ನು ಜೋಡಿಸಿದರು. ಬೋಳು ಗುಡ್ಡಗಳ ನಾಡಿನಲ್ಲಿ ಸೌದೆ ಹೊಂದಿಸುವ ಎರಡು ಶತಮಾನದ ಹಳೆಯ ತಲೆನೋವಿಗೆ ಹೀಗೊಂದು ಪರಿಹಾರ ಸಿಕ್ಕಿತು. ಉರಿಯನ್ನು ಹೆಚ್ಚು ಕಡಿಮೆ ಮಾಡುವುದು ಕೈಗೆ ಬಂತು. ವಿದ್ಯುತ್ತಿನ ತಂತಿ ಬಂತು. ಮಣ್ಣನ್ನು ಕಾಲಿನಿಂದ ತುಳಿದು ಹದಮಾಡುವ ಕೆಲಸದ ಭಾರವನ್ನು ಯಂತ್ರಗಳಿಗೆ ವಹಿಸಿದರು. ಪಾತ್ರೆ ಎತ್ತುವುದು ಮಾತ್ರ ಕೈಯಿಂದಲೇ, ಕಾಲಿನಿಂದ ಒದ್ದು ತಿರುಗಿಸುವ ತಿಗರಿಯ ಮೇಲೆಯೇ. ಯಂತ್ರ ಎಲ್ಲಿಯವರೆಗೆ, ಕೈ ಎಲ್ಲಿಂದ ಎಂಬ ಗೆರೆಯನ್ನು ಡೇವಿಡ್ ಎಳೆದ ಬಗೆ ಇಂದಿಗೂ ಮೆಚ್ಚುವಂಥದ್ದು. ಬೆನ್ನು ಮುರಿಯುವ ಕೆಲಸ ಯಂತ್ರಕ್ಕೆ, ಆಕಾರ ಕೊಡುವ ಕೆಲಸ ಬೆರಳಿಗೆ.

ಎಲ್ಲಕ್ಕಿಂತ ದೊಡ್ಡ ನಿರ್ಧಾರ ಮಣ್ಣಿನದು. ಮುಕ್ಕಾಗುವ ಕೆಮ್ಮಣ್ಣಿನ ಪಾತ್ರೆಯನ್ನು ನಿಲ್ಲಿಸಿ, ದಿನಬಳಕೆಯ ಪಾತ್ರೆಗಳನ್ನೂ ಸ್ಟೋನ್‌ವೇರ್‌ನಲ್ಲೇ ಮಾಡುವುದು. ಅದುವರೆಗೆ ಗ್ಯಾಲರಿಯ ಗಾಜಿನ ಕಪಾಟಿಗೆ ಮೀಸಲಾಗಿದ್ದ ಕಲ್ಲುಪಾತ್ರೆ ಈಗ ಸಾರಿನ ಬಟ್ಟಲಾಯಿತು, ಹಾಲಿನ ಜಗ್ ಆಯಿತು, ಜೇನಿನ ಕುಡಿಕೆಯಾಯಿತು, ಮುಚ್ಚಳದ ಪಾತ್ರೆಯಾಯಿತು. ಬಿಸಿ ಓವನ್‌ನಲ್ಲಿಟ್ಟರೂ ಸೀಳುವುದಿಲ್ಲ, ತೊಳೆದರೆ ಕಲೆ ಉಳಿಯುವುದಿಲ್ಲ. ಪ್ರತಿ ಆಕಾರಕ್ಕೂ ಇಷ್ಟು ತೂಕದ ಮಣ್ಣಿನ ಉಂಡೆ, ಇಷ್ಟು ಎತ್ತರ, ಇಷ್ಟು ಅಗಲ ಎಂದು ಗೊತ್ತುಮಾಡಿದರು. ಬಣ್ಣಗಳೂ ಬೆರಳೆಣಿಕೆಯವು: ತುಕ್ಕಿನ ಅಂಚು ಮೂಡುವ ಕಪ್ಪು, ಎಳೆ ಬೂದು-ಹಸಿರು, ಓಟ್ಸ್ ಗಂಜಿಯ ಬಣ್ಣ. ಸ್ಟ್ಯಾಂಡರ್ಡ್ ವೇರ್ ಎಂದು ಇವುಗಳಿಗೆ ಹೆಸರಾಯಿತು. ಅಪ್ಪ ಹದಿನೈದು ವರ್ಷ ಹೇಳುತ್ತ ಬಂದ ಮಾತನ್ನು, ಅಪ್ಪ ಒಲ್ಲದ ಊರಿನಲ್ಲಿ ಕಲಿತುಬಂದ ಮಗ ನಡೆಸಿಕೊಟ್ಟರು. ಲೀಚ್ ಅದನ್ನು ಒಪ್ಪಿದರು, ಆಕಾರಗಳನ್ನು ರೂಪಿಸುವುದರಲ್ಲಿ ಮನಸಾರೆ ತೊಡಗಿದರು. ಆ ಒಪ್ಪಿಗೆಗೂ ಒಂದು ಹಿರಿಮೆ ಇದೆ.

ಕೆಲಸಗಾರರೂ ಬದಲಾದರು. ಒಂದೆರಡು ವರ್ಷ ಇದ್ದು ಹೋಗುವ ಕಾಲೇಜು ಕಲಿತವರನ್ನೇ ನೆಚ್ಚಿ ವರ್ಷವಿಡೀ ಒಂದೇ ಅಳತೆಯ ಬಟ್ಟಲು ಮಾಡಿಸಲಾಗದು. ಊರಿನ ಹುಡುಗರನ್ನು ಸಂಬಳ ಕೊಟ್ಟು, ಹಲವು ವರ್ಷದ ಕರಾರಿನ ಮೇಲೆ ಸೇರಿಸಿಕೊಂಡು ಕಲಿಸುವುದೆಂದಾಯಿತು. 1938ರಲ್ಲಿ ಬಿಲ್ ಮಾರ್ಷಲ್ ಎಂಬ 14 ವರ್ಷದ ಹುಡುಗ ಹೀಗೆ ಮೊದಲಿಗನಾಗಿ ಬಂದ. ಶಾಲೆ ಬಿಟ್ಟು ಬಂದ ಆ ಹುಡುಗನಿಗೆ ಜಪಾನ್ ಎಲ್ಲಿದೆ ಎಂಬುದಕ್ಕಿಂತ ವಾರದ ಕೂಲಿ ಮುಖ್ಯವಾಗಿದ್ದಿರಬೇಕು. ಮಣ್ಣು ಹೊತ್ತು, ಹಲಗೆ ತೊಳೆದು, ಪಾತ್ರೆಯ ಕಿವಿ ಅಂಟಿಸಿ, ಆಮೇಲೆ ತಿಗರಿಯ ಮೇಲೆ ಕೂತ. ತೆರೆಗಳ ಊರಿನ ಈ ಹುಡುಗ ಮುಂದೆ ಆ ಕುಂಬಾರಿಕೆಯ ಹಿರಿಯ ಕೈಯಾದರು, 1977ರವರೆಗೆ ಅಲ್ಲೇ ಇದ್ದರು. ವಯಸ್ಸಾದ ಲೀಚ್ ಅವರ ಕೈಯಲ್ಲಿ ಬಲ ಕುಂದಿದಾಗ ಅವರ ದೊಡ್ಡ ಹೂಜಿಗಳನ್ನು ತಿಗರಿಯಲ್ಲಿ ಎತ್ತಿಕೊಡುತ್ತಿದ್ದವರು ಮಾರ್ಷಲ್. ಗಣಿ ಮುಚ್ಚಿದ, ಮೀನು ಕೈಕೊಟ್ಟ ಊರಿನ ಮಕ್ಕಳಿಗೆ ಹೊಸ ಕಸುಬು ದೊರೆತದ್ದು ಈ ಬದಲಾವಣೆಯಿಂದ.

ಒಳ್ಳೆಯ ಕಾಲ ಕೂಡಿಬರುವಾಗಲೇ ಯುದ್ಧ ಬಂತು. 1940ರಲ್ಲಿ ಲೀಚ್ ಬರೆದ ‘ಎ ಪಾಟರ್ಸ್ ಬುಕ್’ ಪ್ರಕಟವಾಯಿತು. ಮಣ್ಣು ಬೆರೆಸುವ ಪಾಕದಿಂದ ಆವಿಗೆಯ ನಕ್ಷೆಯವರೆಗೆ ಎಲ್ಲವನ್ನೂ ತೆರೆದಿಟ್ಟ ಆ ಪುಸ್ತಕ, ಇಂಗ್ಲಿಷ್ ಬಲ್ಲ ನಾಡುಗಳಲ್ಲೆಲ್ಲ ಹೊಸ ಕುಂಬಾರರ ಕೈಪಿಡಿಯಾಯಿತು. ಅದು ಅಂಗಡಿಗೆ ಬಂದ ಕೆಲವೇ ತಿಂಗಳಲ್ಲಿ, 1941ರ ಜನವರಿಯಲ್ಲಿ, ಜರ್ಮನ್ ವಿಮಾನದಿಂದ ಬಿದ್ದ ಬಾಂಬ್ ಕುಂಬಾರಿಕೆಯ ತೋಟದಲ್ಲಿ ಸಿಡಿಯಿತು. ಸೂರು ಹಾರಿತು, ಗೋಡೆಗಳು ಬಿರಿದವು, ಹಲಗೆಗಳ ಮೇಲಿದ್ದ ಪಾತ್ರೆಗಳು ಪುಡಿಯಾದವು. ಗಾದೆಯ ದೊಣ್ಣೆ ಆಕಾಶದಿಂದಲೇ ಬಿದ್ದಂತಾಯಿತು. ಅದೇ ವರ್ಷ ಡೇವಿಡ್ ಸೇನೆಗೆ ಹೋಗಬೇಕಾಯಿತು. ಉಳಿದವರು ಸೂರು ಮುಚ್ಚಿಕೊಂಡು ಕೆಲಸ ನಡೆಸಿದರು.

ಯುದ್ಧದ ನಡುವಿನ ಒಂದು ಕೆಲಸವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಸೇಂಟ್ ಐವ್ಸ್‌ನಲ್ಲಿ ಆಲ್ಫ್ರೆಡ್ ವಾಲಿಸ್ ಎಂಬ ಮುದುಕರಿದ್ದರು. ಮೀನುಗಾರಿಕೆ, ಗುಜರಿ ವ್ಯಾಪಾರ ಮಾಡಿ, ಹೆಂಡತಿ ಸತ್ತ ಮೇಲೆ ಒಂಟಿತನ ನೀಗಲು ಹಳೆಯ ರಟ್ಟಿನ ಚೂರುಗಳ ಮೇಲೆ ಹಡಗಿನ ಬಣ್ಣದಿಂದ ಹಡಗುಗಳನ್ನು ಬರೆಯುತ್ತಿದ್ದವರು. ಲಂಡನ್‌ನ ಕಲಾವಿದರು 1928ರಲ್ಲಿ ಅವರನ್ನು ಗುರುತಿಸಿ ಮೆಚ್ಚಿದರೂ, 1942ರಲ್ಲಿ ಅವರು ಸತ್ತದ್ದು ಅನಾಥಾಲಯದಂಥ ಬಡವರ ಮನೆಯಲ್ಲಿ. ಕಡಲಿಗೆ ಮುಖಮಾಡಿದ ಬಾರ್ನೂನ್ ಸ್ಮಶಾನದ ಅವರ ಸಮಾಧಿಗೆ ಲೀಚ್ ಸ್ಟೋನ್‌ವೇರ್ ಟೈಲುಗಳನ್ನು ಮಾಡಿ ಹೊದಿಸಿದರು. ಎತ್ತರದ ಒಂದು ದೀಪಸ್ತಂಭ, ಅದರ ಬುಡದ ಬಾಗಿಲಿನೊಳಕ್ಕೆ ಕೋಲೂರಿಕೊಂಡು ಹೋಗುತ್ತಿರುವ ಪುಟ್ಟ ಮನುಷ್ಯ. ಕಡಲ ಗಾಳಿಗೂ ಮಳೆಗೂ ಜಗ್ಗದೆ ಆ ಟೈಲುಗಳು ಇಂದಿಗೂ ಅಲ್ಲಿವೆ.

ಶಾಂತಿ ಬಂದ ಮೇಲೆ 1937ರ ನಿರ್ಧಾರಗಳು ಫಲ ಕೊಟ್ಟವು. ಸ್ಟೋಕ್‌ನ ಕಾರ್ಖಾನೆಗಳು ಚಿತ್ರ, ಬಣ್ಣದ ಪಾತ್ರೆಗಳನ್ನೆಲ್ಲ ರಫ್ತಿಗೆ ಕಳಿಸಬೇಕಿತ್ತು; ದೇಶದೊಳಗಿನ ಗಿರಾಕಿಗಳಿಗೆ ಸಿಗುತ್ತಿದ್ದದ್ದು ಬೋಳು ಬಿಳಿ ಪಾತ್ರೆ. ಈ ನಿರ್ಬಂಧ 1952ರವರೆಗೂ ಪೂರ್ತಿ ಸಡಿಲಲಿಲ್ಲ. ಬಣ್ಣಕ್ಕೆ, ಕೈಯ ಬಿಸುಪಿಗೆ ಹಸಿದಿದ್ದ ಜನ ಲೀಚ್ ಪಾತ್ರೆಗಳನ್ನು ಹುಡುಕಿಕೊಂಡು ಬಂದರು. 1946ರಿಂದ ಕ್ಯಾಟಲಾಗ್ ಅಚ್ಚಾಯಿತು, ಅಂಚೆಯಲ್ಲಿ ಆರ್ಡರು ಬಂತು. ಲಂಡನ್‌ನ ಹೀಲ್ಸ್, ಲಿಬರ್ಟಿಯಂಥ ಅಂಗಡಿಗಳು ಸಾಲು ಸಾಲು ಜೋಡಿಸಿಟ್ಟವು. ಹತ್ತು ಹನ್ನೆರಡು ಜನರ ಆ ಅಂಗಳದಿಂದ ವರ್ಷಕ್ಕೆ 20,000ದ ಆಸುಪಾಸು ಪಾತ್ರೆಗಳು ಹೊರಡುತ್ತಿದ್ದವು. ಅಮೆರಿಕ, ಕೆನಡ, ಆಸ್ಟ್ರೇಲಿಯಗಳಿಂದ ಕಲಿಯಲು ಬಂದವರು ಊರಿನ ಹುಡುಗರ ಪಕ್ಕದಲ್ಲಿ ಕೂತು ಅದೇ ಬಟ್ಟಲನ್ನು ನೂರು ಸಲ, ಇನ್ನೂರು ಸಲ ಎತ್ತಿದರು. ಮೊದಮೊದಲು ಬೇಸರ ಹುಟ್ಟಿಸುವ ಈ ಪುನರಾವರ್ತನೆಯಲ್ಲೇ ಕೈಗೆ ಬುದ್ಧಿ ಬರುತ್ತದೆ ಎಂಬುದು ಅಲ್ಲಿನ ಪಾಠ. ಸಂಗೀತದ ಮನೆಗಳಲ್ಲಿ ಸರಳೆ ವರಸೆಯನ್ನು ತಿಂಗಳುಗಟ್ಟಲೆ ಹಾಡಿಸುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪಾತ್ರೆಯ ತಳದಲ್ಲಿ ಒಂದು ಮುದ್ರೆ ಒತ್ತುತ್ತಿದ್ದರು. ಲೀಚ್ ಸ್ವತಃ ಮಾಡಿದ್ದಕ್ಕೆ ಅವರ ಹೆಸರಿನ ಎರಡಕ್ಷರ, ಜೊತೆಗೆ ಸೇಂಟ್ ಐವ್ಸ್ ಮುದ್ರೆ. ಸ್ಟ್ಯಾಂಡರ್ಡ್ ವೇರ್‌ಗೆ ಸೇಂಟ್ ಐವ್ಸ್ ಮುದ್ರೆ ಮಾತ್ರ. ಬಟ್ಟಲನ್ನು ಎತ್ತಿದ್ದು ಮಾರ್ಷಲ್ ಅವರೋ, ಅವರ ಸೋದರಸಂಬಂಧಿ ಕೆನೆತ್ ಕ್ವಿಕ್ ಅವರೋ, ದೂರದೇಶದ ಶಿಷ್ಯರೋ ಹೇಳುವಂತಿಲ್ಲ. ಲೀಚ್ ಅವರ ಗೆಳೆಯ, ಜಪಾನಿನ ಚಿಂತಕ ಸೊಯೆತ್ಸು ಯಾನಗಿ ಹೆಸರಿಲ್ಲದ ಕುಶಲಕರ್ಮಿಯ ಕೈಯಲ್ಲೇ ನಿಜವಾದ ಸೌಂದರ್ಯ ಹುಟ್ಟುತ್ತದೆ ಎಂದು ಪ್ರತಿಪಾದಿಸಿದವರು. ಆ ವಿಚಾರದ ಘನತೆಯನ್ನು ಒಪ್ಪುತ್ತಲೇ ಒಂದು ಮಾತು ಹೇಳಬೇಕು: ಆ ಅಂಗಳದಲ್ಲಿ ಹೆಸರುಳ್ಳವರು, ಹೆಸರಿಲ್ಲದವರು ಎಂಬ ಎರಡು ಸಾಲುಗಳಿದ್ದವು, ಎರಡನೆಯ ಸಾಲಿನ ದುಡಿಮೆಯಿಂದಲೇ ಮೊದಲ ಸಾಲಿನ ಆವಿಗೆ ಉರಿಯುತ್ತಿತ್ತು. ಕೆನೆತ್ ಕ್ವಿಕ್ 1963ರಲ್ಲಿ ಹಮಾದ ಅವರ ಮಾಶಿಕೊಗೆ ಹೋಗಿದ್ದಾಗ ಈಜುವ ವೇಳೆ ಮುಳುಗಿ ತೀರಿಕೊಂಡರು. ಸೇಂಟ್ ಐವ್ಸ್‌ನ ಹುಡುಗನ ಬದುಕು ಜಪಾನಿನ ನೀರಿನಲ್ಲಿ ಮುಗಿಯಿತು.

ಮುಂದಿನ ವರ್ಷಗಳು ಬೇಗ ಉರುಳಿದವು. 1952ರಲ್ಲಿ ಡಾರ್ಟಿಂಗ್ಟನ್‌ನಲ್ಲಿ ಕುಂಬಾರರ, ನೇಕಾರರ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಹಮಾದ, ಯಾನಗಿ ಇಬ್ಬರೂ ಬಂದರು. ಡೇವಿಡ್ 1955ರಲ್ಲಿ ಹೊರಟು ಡೆವನ್‌ನ ಬೋವಿ ಟ್ರೇಸಿಯಲ್ಲಿ ತಮ್ಮದೇ ಕುಂಬಾರಿಕೆ ತೆರೆದರು. ಮರುವರ್ಷ ಲೀಚ್ ಅವರನ್ನು ಮದುವೆಯಾದ ಜಾನೆಟ್ ಡಾರ್ನೆಲ್, ಟೆಕ್ಸಾಸ್‌ನಲ್ಲಿ ಹುಟ್ಟಿ ಜಪಾನಿನಲ್ಲಿ ಕಲಿತ ಕುಂಬಾರತಿ, ಆಡಳಿತವನ್ನು ಗಟ್ಟಿಯಾಗಿ ಕೈಗೆತ್ತಿಕೊಂಡರು. ಕಣ್ಣು ಮಂಜಾದ ಲೀಚ್ 1972ರಲ್ಲಿ ತಿಗರಿ ಬಿಟ್ಟರು, 1979ರ ಮೇ 6ರಂದು 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸ್ಟ್ಯಾಂಡರ್ಡ್ ವೇರ್ ಅಲ್ಲಿಗೇ ನಿಂತಿತು. ಜಾನೆಟ್ 1997ರವರೆಗೆ ಬದುಕಿದ್ದು ತಮ್ಮ ಪಾತ್ರೆಗಳನ್ನು ಮಾಡುತ್ತಿದ್ದರು. ಆಮೇಲೆ ಅಂಗಳ ಸೊರಗಿತು.

ಊರಿನವರು, ಕುಂಬಾರರು, ಸರ್ಕಾರಿ ನಿಧಿಗಳು ಸೇರಿ ಕಟ್ಟಡವನ್ನು ಉಳಿಸಿ 2008ರ ಮಾರ್ಚಿನಲ್ಲಿ ಮತ್ತೆ ಬಾಗಿಲು ತೆರೆದರು. ಈಗ ಅದು ಅರ್ಧ ವಸ್ತುಸಂಗ್ರಹಾಲಯ, ಅರ್ಧ ಕೆಲಸದ ಮನೆ. ಒಂದು ಕಡೆ ಮೂರು ಕೋಣೆಯ ಆವಿಗೆ ತನ್ನ ಸೂರಿನಡಿ ತಣ್ಣಗೆ ಕೂತಿದೆ; ಒಲೆಬಾಯಿಯ ಇಟ್ಟಿಗೆಗಳ ಮೇಲೆ ದಶಕಗಳ ಉರಿಗೆ ಕರಗಿ ಹರಿದ ಗಾಜಿನಂಥ ಪದರವಿದೆ. ಇನ್ನೊಂದು ಕಡೆ ಕಲಿಯಲು ಬಂದವರು ಮಣ್ಣಿನ ಉಂಡೆಗಳನ್ನು ತೂಗಿ ಸಾಲಾಗಿ ಇಟ್ಟುಕೊಂಡು ತಿಗರಿಯ ಮುಂದೆ ಕೂತಿರುತ್ತಾರೆ. ಹೊಸ ಆಕಾರದ, ಹೊಸ ಬಣ್ಣದ ಊಟದ ಪಾತ್ರೆಗಳು ಅಲ್ಲಿಂದ ಮಾರಾಟದ ಕೋಣೆಗೆ ಹೋಗುತ್ತವೆ. ಕೊಳ್ಳುವವರು ಬಟ್ಟಲನ್ನು ಎತ್ತಿ, ಹಗುರವೇ ಭಾರವೇ ನೋಡಿ, ಬೋರಲು ಹಾಕಿ ತಳದ ಮುದ್ರೆಯನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ.